ಹೊಡೆದುಹಾಕುವ ಆ ಇನ್ನೊಂದು ಮೂಲ: ವರ್ಗ ಸಮೀಕರಣದ ಋಣ ಉತ್ತರಕ್ಕೆ ಅರ್ಥವಿದೆಯೇ?

ವಿದ್ಯಾರ್ಥಿನಿಯ ತಂದೆ, ತಿಪಟೂರು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿಯಲ್ಲಿದ್ದಾಳೆ. ಕಳೆದ ಭಾನುವಾರ ವರ್ಗ ಸಮೀಕರಣದ ಲೆಕ್ಕ ಮಾಡುತ್ತಿದ್ದಾಗ ಅವಳು ಕೇಳಿದ ಒಂದು ಪ್ರಶ್ನೆಗೆ ನನ್ನಿಂದ ಉತ್ತರ ಹೇಳಲಾಗಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಲೆಕ್ಕ ಹೀಗಿತ್ತು. ಒಂದು ಆಯತಾಕಾರದ ನಿವೇಶನದ ಉದ್ದವು ಅದರ ಅಗಲಕ್ಕಿಂತ 5 ಮೀಟರ್ ಹೆಚ್ಚಾಗಿದೆ. ವಿಸ್ತೀರ್ಣ 84 ಚದರ ಮೀಟರ್ ಆದರೆ ಉದ್ದ ಮತ್ತು ಅಗಲಗಳನ್ನು ಕಂಡುಹಿಡಿಯಿರಿ. ಅಗಲವನ್ನು ಅ ಎಂದು ಇಟ್ಟುಕೊಂಡರೆ ಅ(ಅ + 5) = 84, ಅಂದರೆ ಅ² + 5ಅ − 84 = 0. ಮಧ್ಯದ ಪದವನ್ನು 12ಅ − 7ಅ ಎಂದು ಒಡೆದು ಅಪವರ್ತಿಸಿದರೆ (ಅ + 12)(ಅ − 7) = 0 ಬರುತ್ತದೆ. ಆದ್ದರಿಂದ ಅ = 7 ಅಥವಾ ಅ = −12. ಅಗಲ ಋಣವಾಗಿರಲು ಸಾಧ್ಯವಿಲ್ಲ ಎಂದು ಬರೆದು −12ಕ್ಕೆ ಅಡ್ಡಗೆರೆ ಎಳೆದು, ಅಗಲ 7 ಮೀಟರ್, ಉದ್ದ 12 ಮೀಟರ್ ಎಂದು ಮುಗಿಸಿದಳು. ಆಮೇಲೆ ಪೆನ್ನು ಕೆಳಗಿಟ್ಟು, "ಅಪ್ಪಾ, ನಾನು ಹೊಡೆದುಹಾಕಿದ್ದರಲ್ಲೂ 12 ಇದೆ, ಉದ್ದವೂ 12 ಬಂದಿದೆ. ಇದು ಸುಮ್ಮನೆ ಹಾಗೆ ಬಂತಾ?" ಎಂದು ಕೇಳಿದಳು.

ನಾನು ಕಾಕತಾಳೀಯವಿರಬೇಕು ಎಂದುಬಿಟ್ಟೆ. ಆದರೆ ಅವಳು ಬಿಡಲಿಲ್ಲ. 150 ಕಿಲೋಮೀಟರ್ ದೂರವನ್ನು ಕ್ರಮಿಸುವ ಬಸ್ಸು ಗಂಟೆಗೆ 10 ಕಿಲೋಮೀಟರ್ ಹೆಚ್ಚು ವೇಗವಾಗಿ ಹೋದರೆ ಅರ್ಧ ಗಂಟೆ ಮೊದಲೇ ತಲುಪುತ್ತದೆ ಎಂಬ ಲೆಕ್ಕವನ್ನು ತೆಗೆದು ತೋರಿಸಿದಳು. ಅಲ್ಲಿ ವೇಗವನ್ನು ವ ಎಂದು ಇಟ್ಟುಕೊಂಡರೆ ವ² + 10ವ − 3000 = 0, ಮೂಲಗಳು (ಅಂದರೆ ಸಮೀಕರಣಕ್ಕೆ ಹೊಂದುವ ಬೆಲೆಗಳು) 50 ಮತ್ತು −60; ಹೆಚ್ಚಿಸಿದ ವೇಗ 60! ಎರಡು ಸಲವೂ ಹೀಗೆಯೇ ಆದ ಮೇಲೆ ಕಾಕತಾಳೀಯ ಎನ್ನುವ ಧೈರ್ಯ ನನಗಿಲ್ಲ.

ಪ್ರೌಢಶಾಲಾ ಗಣಿತ ಶಿಕ್ಷಕಿ, ಧಾರವಾಡ:

ಸರ್, ಇದು ಖಂಡಿತ ಕಾಕತಾಳೀಯವಲ್ಲ. ನಿಮ್ಮ ಮಗಳು ಬಹಳ ಒಳ್ಳೆಯ ಪ್ರಶ್ನೆಯನ್ನು ಕೇಳಿದ್ದಾಳೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಪಾಠ ಮಾಡಿರುವ ನನಗೆ ಇದನ್ನು ಕೇಳಿದ ಮಕ್ಕಳನ್ನು ಎರಡೂ ಕೈಗಳ ಬೆರಳಲ್ಲಿ ಎಣಿಸಬಹುದು.

ಅದೇ ನಿವೇಶನದ ಲೆಕ್ಕವನ್ನು ಅಗಲದ ಬದಲು ಉದ್ದದಿಂದ ಆರಂಭಿಸಲು ಅವಳಿಗೆ ಹೇಳಿ. ಉದ್ದವು ಉ ಆದರೆ ಅಗಲ ಉ − 5, ಆದ್ದರಿಂದ ಉ² − 5ಉ − 84 = 0. ಇದರ ಮೂಲಗಳು 12 ಮತ್ತು −7. ಈಗ ಎರಡೂ ಸಮೀಕರಣಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಬೇಕು. ವರ್ಗಪದ ಅದೇ, ಸ್ಥಿರಪದ ಅದೇ, ಮಧ್ಯದ ಪದದ ಚಿಹ್ನೆ ಮಾತ್ರ ಬೇರೆ. ಮೊದಲ ಸಮೀಕರಣದಲ್ಲಿ ಅ ಇರುವ ಕಡೆಯಲ್ಲೆಲ್ಲ −ಉ ಎಂದು ಆದೇಶಿಸಿದರೆ, (−ಉ)² ಎಂಬುದು ಉ² ಆಗಿಯೇ ಉಳಿಯುತ್ತದೆ, 5(−ಉ) ಎಂಬುದು −5ಉ ಆಗುತ್ತದೆ. ಅಂದರೆ ಎರಡನೆಯ ಸಮೀಕರಣವೇ ನಮ್ಮ ಕೈಗೆ ಬರುತ್ತದೆ. ಹಾಗಾಗಿ ಅಗಲದ ಸಮೀಕರಣದ ಋಣ ಮೂಲವು ಚಿಹ್ನೆ ಬದಲಿಸಿಕೊಂಡ ಉದ್ದವೇ ಆಗಿದೆ, ಉದ್ದದ ಸಮೀಕರಣದ ಋಣ ಮೂಲವು ಚಿಹ್ನೆ ಬದಲಿಸಿಕೊಂಡ ಅಗಲವಾಗಿದೆ.

ಇನ್ನೂ ಸರಳವಾಗಿ ಹೇಳುವುದಾದರೆ, ನಾವು ಬರೆದ ಸಮೀಕರಣಕ್ಕೆ ನಿವೇಶನದ ವಿಷಯ ಗೊತ್ತಿಲ್ಲ. ಅದು ಕೇಳುತ್ತಿರುವುದು ಇಷ್ಟೇ: ಒಂದು ಸಂಖ್ಯೆಯನ್ನು ಅದಕ್ಕಿಂತ 5 ಹೆಚ್ಚಿರುವ ಸಂಖ್ಯೆಯಿಂದ ಗುಣಿಸಿದರೆ 84 ಬರಬೇಕು. 7 × 12 ಅಂಥ ಜೋಡಿ. (−12) × (−7) ಕೂಡ ಅಂಥದೇ ಜೋಡಿ, ಏಕೆಂದರೆ −12ಕ್ಕಿಂತ 5 ಹೆಚ್ಚೆಂದರೆ −7. ಸಮೀಕರಣವು ಎರಡು ಜೋಡಿಗಳನ್ನೂ ಪ್ರಾಮಾಣಿಕವಾಗಿ ನಮ್ಮ ಮುಂದಿಟ್ಟಿದೆ. ನಿವೇಶನಕ್ಕೆ ಹೊಂದುವ ಜೋಡಿಯನ್ನು ಆರಿಸಿಕೊಳ್ಳುವುದು ನಮ್ಮ ಕೆಲಸ. ಬಸ್ಸಿನ ಲೆಕ್ಕದಲ್ಲಿಯೂ 50 × 60 = 3000 ಎಂಬ ಇದೇ ರಚನೆಯಿದೆ.

ನಿವೃತ್ತ ಉಪಾಧ್ಯಾಯರು, ಶಿವಮೊಗ್ಗ:

ಮೇಡಂ ಅವರ ವಿವರಣೆ ಸರಿಯಾಗಿದೆ, ಆದರೆ ಒಂದು ಆಕ್ಷೇಪವನ್ನು ವಿನಯದಿಂದ ಹೇಳುತ್ತೇನೆ. ಪರೀಕ್ಷೆ ಹತ್ತಿರವಿರುವ ಮಗುವಿಗೆ ಇಷ್ಟೆಲ್ಲ ಹೇಳಿದರೆ ಗೊಂದಲವಾಗುವುದಿಲ್ಲವೇ? ಉದ್ದ, ಅಗಲ, ವಯಸ್ಸು, ವೇಗಗಳ ಲೆಕ್ಕದಲ್ಲಿ ಋಣ ಮೂಲ ಬಂದರೆ ಬಿಡು, ಧನ ಮೂಲವನ್ನು ಇಟ್ಟುಕೋ ಎಂದು ನಾನು ನನ್ನ ಸೇವಾವಧಿಯುದ್ದಕ್ಕೂ ಹೇಳಿಕೊಟ್ಟಿದ್ದೇನೆ. ಸಾಧಾರಣ ವಿದ್ಯಾರ್ಥಿಯೂ ಆ ಒಂದು ಸೂಚನೆಯನ್ನು ಹಿಡಿದು ಲೆಕ್ಕವನ್ನು ದಡ ಮುಟ್ಟಿಸುತ್ತಿದ್ದ. ಕಾರಣವನ್ನು ಪಿಯುಸಿಯಲ್ಲಿ ತಿಳಿದುಕೊಂಡರಾಯಿತು.

ಪ್ರೌಢಶಾಲಾ ಗಣಿತ ಶಿಕ್ಷಕಿ, ಧಾರವಾಡ:

ಗುರುಗಳೇ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ, ನಾನೂ ಮೊದಲು ಹಾಗೆಯೇ ಹೇಳಿಕೊಡುತ್ತಿದ್ದೆ. ಆದರೆ ಆ ಸೂಚನೆಯನ್ನು ನಂಬಿದ ಮಕ್ಕಳು ಎಡವುವ ಲೆಕ್ಕವೊಂದು ನನ್ನ ತರಗತಿಯಲ್ಲಿಯೇ ಎದುರಾಯಿತು.

40 ಮೀಟರ್ ಉದ್ದ, 30 ಮೀಟರ್ ಅಗಲದ ತೋಟದ ಒಳಗಡೆ, ನಾಲ್ಕೂ ಅಂಚಿನ ಉದ್ದಕ್ಕೂ ಒಂದೇ ಅಗಲದ ಕಾಲುದಾರಿಯನ್ನು ಮಾಡಬೇಕು. ದಾರಿ ಬಿಟ್ಟು ನಡುವೆ ಉಳಿಯುವ ಜಾಗ 600 ಚದರ ಮೀಟರ್ ಇರಬೇಕಾದರೆ ದಾರಿಯ ಅಗಲವೆಷ್ಟು? ದಾರಿಯ ಅಗಲ ದ ಆದರೆ (40 − 2ದ)(30 − 2ದ) = 600. ಬಿಡಿಸಿ 4ರಿಂದ ಭಾಗಿಸಿದರೆ ದ² − 35ದ + 150 = 0, ಅಂದರೆ (ದ − 5)(ದ − 30) = 0. ಮೂಲಗಳು 5 ಮತ್ತು 30. ಎರಡೂ ಧನ ಸಂಖ್ಯೆಗಳೇ. ಋಣ ಬಂದರೆ ಬಿಡು ಎಂದಷ್ಟೇ ಕಲಿತಿದ್ದ ಆ ವರ್ಷದ ಅರ್ಧದಷ್ಟು ಮಕ್ಕಳು ದಾರಿಯ ಅಗಲ 5 ಅಥವಾ 30 ಮೀಟರ್ ಎಂದು ಬರೆದಿದ್ದರು. 30 ಮೀಟರ್ ಅಗಲದ ತೋಟದೊಳಗೆ ಎರಡೂ ಕಡೆ 30 ಮೀಟರ್ ದಾರಿ ಹೇಗೆ ಹಿಡಿಸೀತು! 30ನ್ನು ಆದೇಶಿಸಿದರೆ (−20) × (−30) = 600 ಆಗುತ್ತದೆ; ಎರಡು ಋಣಗಳ ಗುಣಲಬ್ಧ ಧನವಾದ್ದರಿಂದ ಸಮೀಕರಣ ಅದನ್ನೂ ಒಪ್ಪಿಕೊಂಡಿತು.

ಅಂದಿನಿಂದ ನಾನು ಮಕ್ಕಳಿಗೆ ಹೇಳುವುದು ಹೀಗೆ: ಎರಡೂ ಮೂಲಗಳನ್ನು ಮೊದಲಿನ ವಾಕ್ಯಕ್ಕೆ ಹಿಂದಿರುಗಿಸಿ, ಅಲ್ಲಿ ಬರುವ ಪ್ರತಿಯೊಂದು ಅಳತೆಯನ್ನೂ ಬರೆದು ನೋಡಿ, ಬಿಡುವ ಮೂಲವನ್ನು ಏಕೆ ಬಿಟ್ಟಿರಿ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಇದಕ್ಕೆ ಅರ್ಧ ನಿಮಿಷ ಸಾಕು.

ಗಣಿತ ಚರಿತ್ರೆಯ ಓದುಗ, ಕಲಬುರಗಿ:

ಈ ಚರ್ಚೆಗೆ ನಮ್ಮಲ್ಲಿ ಸಾವಿರ ವರ್ಷಕ್ಕೂ ಹೆಚ್ಚಿನ ಹಿನ್ನೆಲೆಯಿದೆ ಎಂಬುದನ್ನು ಸೇರಿಸಬಯಸುತ್ತೇನೆ. ಭಾಸ್ಕರಾಚಾರ್ಯರು 1150ರಲ್ಲಿ ಪೂರೈಸಿದ ಸಿದ್ಧಾಂತ ಶಿರೋಮಣಿಯ ಒಂದು ಭಾಗವಾದ ಬೀಜಗಣಿತದಲ್ಲಿ ಕಪಿಗಳ ಎರಡು ಲೆಕ್ಕಗಳಿವೆ. ಮೇಡಂ ಹೇಳಿದ ವಿಷಯವನ್ನೇ ಅವು ಎರಡು ಬಗೆಯಿಂದ ತೋರಿಸುತ್ತವೆ.

ಮೊದಲನೆಯದರಲ್ಲಿ ಹಿಂಡಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಕಪಿಗಳು ಬೆಟ್ಟದ ಮೇಲೆ ಕೂಗುತ್ತಿವೆ. ಹಿಂಡಿನ ಸಂಖ್ಯೆಯನ್ನು ಕ ಎಂದರೆ ಕ² − 64ಕ + 768 = 0; ಮೂಲಗಳು 48 ಮತ್ತು 16. 48ರ ಎಂಟನೆಯ ಒಂದು ಭಾಗ 6, ಅದರ ವರ್ಗ 36, ಜೊತೆಗೆ 12 ಸೇರಿ 48. 16ರ ಎಂಟನೆಯ ಒಂದು ಭಾಗ 2, ವರ್ಗ 4, ಜೊತೆಗೆ 12 ಸೇರಿ 16. ಇಲ್ಲಿ ಎರಡೂ ಉತ್ತರಗಳು ಸರಿ, ಯಾವುದನ್ನೂ ಬಿಡುವಂತಿಲ್ಲ.

ಎರಡನೆಯದರಲ್ಲಿ ಹಿಂಡಿನ ಐದನೆಯ ಒಂದು ಭಾಗದಿಂದ 3ನ್ನು ಕಳೆದು ವರ್ಗ ಮಾಡಿದಷ್ಟು ಕಪಿಗಳು ಗುಹೆಗೆ ಹೋಗಿವೆ, ಒಂದು ಕಪಿ ಮಾತ್ರ ಕಾಣಿಸುತ್ತಿದೆ. ಸಮೀಕರಣ ಕ² − 55ಕ + 250 = 0, ಮೂಲಗಳು 50 ಮತ್ತು 5. ಇವೂ ಧನ, ಇವೂ ಪೂರ್ಣಾಂಕ. ಆದರೆ ಹಿಂಡಿನಲ್ಲಿ 5 ಕಪಿಗಳಿದ್ದರೆ ಐದನೆಯ ಒಂದು ಭಾಗ 1, ಅದರಿಂದ 3 ಕಳೆದರೆ −2. ವರ್ಗ ಮಾಡಿದಾಗ 4 ಬಂದು, ಕಾಣಿಸುವ ಒಂದು ಕಪಿಯೂ ಸೇರಿ ಲೆಕ್ಕ ಕೂಡುತ್ತದೆ ನಿಜ, ಆದರೆ ನಡುವೆ ಋಣ ಎರಡು ಕಪಿಗಳನ್ನು ಒಪ್ಪಬೇಕಾಗುತ್ತದೆ. ಎಣಿಸುವ ವಸ್ತು ಋಣವಾಗುವುದನ್ನು ಲೋಕ ಒಪ್ಪುವುದಿಲ್ಲ ಎಂಬ ಕಾರಣ ಕೊಟ್ಟು ಭಾಸ್ಕರಾಚಾರ್ಯರು 5ನ್ನು ಕೈಬಿಡುತ್ತಾರೆ. ಮೂಲದ ಚಿಹ್ನೆಯನ್ನಷ್ಟೇ ನೋಡಿದ್ದರೆ 5 ಉಳಿದುಬಿಡುತ್ತಿತ್ತು. ಅವರು ಲೆಕ್ಕದೊಳಗಿನ ಅಳತೆಯ ಚಿಹ್ನೆಯನ್ನು ನೋಡಿದರು.

ನಮ್ಮ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಅದರಲ್ಲಿ ಒಂಟೆಗಳ ಲೆಕ್ಕವೊಂದಿದೆ: ಹಿಂಡಿನ ಕಾಲುಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿನಲ್ಲಿ, ಉಳಿದ 15 ಒಂಟೆಗಳು ನದಿಯ ದಡದಲ್ಲಿವೆ. ವರ್ಗಮೂಲವನ್ನು ಮ ಎಂದು ಇಟ್ಟುಕೊಂಡರೆ 3ಮ² − 8ಮ − 60 = 0, ಮ = 6, ಒಂಟೆಗಳು 36. ಕಾಡಿನಲ್ಲಿ 9, ತಪ್ಪಲಿನಲ್ಲಿ 12, ದಡದಲ್ಲಿ 15.

ವಿದ್ಯಾರ್ಥಿನಿಯ ತಂದೆ, ತಿಪಟೂರು:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕಪಿಗಳ ಲೆಕ್ಕಗಳನ್ನು ಮಗಳಿಗೆ ಓದಿ ಹೇಳಿದೆ. ಒಂಟೆಗಳ ಲೆಕ್ಕವನ್ನು ಅವಳೇ ಬಿಡಿಸಲು ಕುಳಿತಳು, ಆದರೆ 3ಮ² − 8ಮ − 60ರ ಮಧ್ಯದ ಪದವನ್ನು ಒಡೆಯಲು ತಡಕಾಡಿದಳು. 180ರ ಅಪವರ್ತನಗಳಲ್ಲಿ ವ್ಯತ್ಯಾಸ 8 ಬರುವ ಜೋಡಿಯನ್ನು ಹುಡುಕುವುದು ಅವಳಿಗೆ ತಡವಾಗುತ್ತದೆ, ವರ್ಗ ಪೂರ್ಣಗೊಳಿಸಲು ಹೋದರೆ ಭಿನ್ನರಾಶಿಗಳು ಬಂದು ತಪ್ಪಾಗುತ್ತದೆ. ವರ್ಗ ಸಮೀಕರಣದ ಮೂಲಗಳನ್ನು ಕೊಡುವ ಸೂತ್ರ ಬಾಯಿಪಾಠವಿದೆ, ಆದರೆ ಅದು ಎಲ್ಲಿಂದ ಬಂತು ಎಂಬುದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಪ್ರೌಢಶಾಲಾ ಗಣಿತ ಶಿಕ್ಷಕಿ, ಧಾರವಾಡ:

ಭಿನ್ನರಾಶಿಗಳ ತೊಂದರೆಗೆ ಪ್ರಾಚೀನ ಗಣಿತಜ್ಞ ಶ್ರೀಧರಾಚಾರ್ಯರ ದಾರಿ ಬಹಳ ಚೆನ್ನಾಗಿದೆ. ಅವರ ಬೀಜಗಣಿತ ಗ್ರಂಥ ಉಳಿದಿಲ್ಲ, ಆದರೆ ಅವರ ಈ ನಿಯಮವನ್ನು ಭಾಸ್ಕರಾಚಾರ್ಯರು ಉದ್ಧರಿಸಿ ಉಳಿಸಿಕೊಟ್ಟಿದ್ದಾರೆ. ಸ್ಥಿರಪದವನ್ನು ಬಲಕ್ಕೆ ಕಳಿಸಿ, ಎರಡೂ ಬದಿಗಳನ್ನು ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ ಗುಣಿಸಿ, ಬಳಿಕ ಮಧ್ಯಪದದ ಮೊದಲಿನ ಸಹಗುಣಕದ ವರ್ಗವನ್ನು ಎರಡೂ ಬದಿಗೆ ಕೂಡಿಸಬೇಕು.

ಒಂಟೆಗಳ ಲೆಕ್ಕದಲ್ಲಿಯೇ ಮಾಡೋಣ. 3ಮ² − 8ಮ = 60. ಸಹಗುಣಕ 3, ಅದರ ನಾಲ್ಕರಷ್ಟು 12. ಗುಣಿಸಿದರೆ 36ಮ² − 96ಮ = 720. ಈಗ 8ರ ವರ್ಗ 64ನ್ನು ಕೂಡಿಸಿದರೆ 36ಮ² − 96ಮ + 64 = 784. ಎಡಗಡೆ (6ಮ − 8)² ಆಯಿತು, ಬಲಗಡೆ 28ರ ವರ್ಗ. ಆದ್ದರಿಂದ 6ಮ − 8 = 28 ಅಥವಾ −28; ಮ = 6 ಅಥವಾ ಮ = −10/3. ಎಲ್ಲಿಯೂ ಕೊನೆಯ ಹೆಜ್ಜೆಯವರೆಗೆ ಭಿನ್ನರಾಶಿ ಬರಲಿಲ್ಲ. ಬಲಗಡೆ ಬಂದ 784 ಇದೆಯಲ್ಲ, ಅದೇ ನಾವು ಶೋಧಕ ಎಂದು ಕರೆಯುವ ಬಿ² − 4ಎಸಿ (ಎ ವರ್ಗಪದದ ಸಹಗುಣಕ, ಬಿ ಮಧ್ಯಪದದ ಸಹಗುಣಕ, ಸಿ ಸ್ಥಿರಪದ). ಸಂಖ್ಯೆಗಳ ಜಾಗದಲ್ಲಿ ಎ, ಬಿ, ಸಿ ಇಟ್ಟು ಇದೇ ಹೆಜ್ಜೆಗಳನ್ನು ಮಗಳ ಕೈಯಲ್ಲಿ ಮಾಡಿಸಿ, ಬಾಯಿಪಾಠ ಮಾಡಿದ ಸೂತ್ರ ತಾನಾಗಿಯೇ ಕೆಳಗಿಳಿದು ಬರುತ್ತದೆ.

ಇಲ್ಲಿ −10/3 ಏಕೆ ಬಿಡುತ್ತೇವೆ ಎಂಬುದನ್ನೂ ಗಮನಿಸಬೇಕು. ಮ ಎಂಬುದು ಹಿಂಡಿನ ವರ್ಗಮೂಲ, ಅದರ ಎರಡರಷ್ಟು ಒಂಟೆಗಳು ತಪ್ಪಲಿನಲ್ಲಿವೆ. ಅದು ಋಣವಾದರೆ ತಪ್ಪಲಿನ ಒಂಟೆಗಳೇ ಋಣವಾಗುತ್ತವೆ. ಮ²ನ್ನು ಮಾತ್ರ ಲೆಕ್ಕ ಹಾಕಿದರೆ 100/9 ಎಂಬ ಧನ ಸಂಖ್ಯೆ ಬರುತ್ತದೆ, ಋಣದ ಗುರುತೇ ಅಳಿಸಿಹೋಗುತ್ತದೆ. ಆದ್ದರಿಂದ ಪರಿಶೀಲನೆಯನ್ನು ವರ್ಗ ಮಾಡುವ ಮೊದಲೇ ಮಾಡಬೇಕು.

ಪಿಯು ಭೌತಶಾಸ್ತ್ರ ಉಪನ್ಯಾಸಕ, ಮಂಗಳೂರು:

ನಮ್ಮ ವಿಷಯದಲ್ಲಿ ಋಣ ಮೂಲಕ್ಕೆ ಇನ್ನೂ ಸ್ಪಷ್ಟವಾದ ಅರ್ಥವಿದೆ. 25 ಮೀಟರ್ ಎತ್ತರದ ಮಹಡಿಯಿಂದ ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ, ಗುರುತ್ವ ವೇಗೋತ್ಕರ್ಷವನ್ನು 10 ಎಂದು ಇಟ್ಟುಕೊಂಡಾಗ, ಅದು ನೆಲ ಮುಟ್ಟುವ ಕಾಲದ ಸಮೀಕರಣ ಕಾ² − 4ಕಾ − 5 = 0 ಆಗುತ್ತದೆ. ಮೂಲಗಳು 5 ಮತ್ತು −1. ಚೆಂಡು 5 ಸೆಕೆಂಡಿಗೆ ನೆಲ ಮುಟ್ಟುತ್ತದೆ. −1 ಎಂದರೆ ಎಸೆಯುವುದಕ್ಕಿಂತ ಒಂದು ಸೆಕೆಂಡು ಮೊದಲು. ಅದೇ ಚೆಂಡನ್ನು ಒಂದು ಸೆಕೆಂಡು ಮೊದಲೇ ನೆಲದಿಂದ 30 ಮೀಟರ್ ವೇಗದಲ್ಲಿ ಎಸೆದಿದ್ದರೆ, ಸರಿಯಾಗಿ ಒಂದು ಸೆಕೆಂಡಿನ ನಂತರ ಅದು 25 ಮೀಟರ್ ಎತ್ತರದಲ್ಲಿ, 20 ಮೀಟರ್ ವೇಗದಲ್ಲಿ ನಮ್ಮ ಮಹಡಿಯನ್ನು ದಾಟುತ್ತಿತ್ತು. ಮುಂದಿನ ಪಯಣ ಎರಡಕ್ಕೂ ಒಂದೇ. ಕಾಲ ಮತ್ತು ಎತ್ತರದ ಪರವಲಯದ ನಕ್ಷೆಯನ್ನು ಎಡಕ್ಕೆ ಮುಂದುವರಿಸಿ ಎಳೆದರೆ ಅದು ಕಾಲದ ಅಕ್ಷವನ್ನು −1ರಲ್ಲಿ ಕಡಿಯುವುದನ್ನು ಕಣ್ಣಾರೆ ನೋಡಬಹುದು.

ನಿವೃತ್ತ ಉಪಾಧ್ಯಾಯರು, ಶಿವಮೊಗ್ಗ:

ಕಾಲುದಾರಿಯ ಲೆಕ್ಕವನ್ನು ನಾನು ಕಾಗದದ ಮೇಲೆ ಮಾಡಿ ನೋಡಿದೆ. ಧನ ಮೂಲವನ್ನು ಇಟ್ಟುಕೋ ಎಂಬ ನನ್ನ ಸೂಚನೆ ಅಲ್ಲಿ ಸಾಲದು ಎಂದು ಒಪ್ಪುತ್ತೇನೆ. ಶೋಧಕದ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಮೂಲವನ್ನು ಬಿಡುವ ಪ್ರಶ್ನೆಗಿಂತ ಮೊದಲು ಮೂಲವಿದೆಯೇ ಎಂಬ ಪ್ರಶ್ನೆ ಬರುತ್ತದೆ.

60 ಮೀಟರ್ ತಂತಿಬೇಲಿಯಿಂದ 250 ಚದರ ಮೀಟರಿನ ಆಯತಾಕಾರದ ಜಾಗವನ್ನು ಸುತ್ತುವರಿಯಬಹುದೇ? ಉದ್ದ ಮತ್ತು ಅಗಲಗಳ ಮೊತ್ತ 30, ಆದ್ದರಿಂದ ಅ(30 − ಅ) = 250, ಅಂದರೆ ಅ² − 30ಅ + 250 = 0. ಶೋಧಕ 900 − 1000 = −100. ವಾಸ್ತವ ಮೂಲಗಳಿಲ್ಲ, ಅಂಥ ಬೇಲಿ ಸಾಧ್ಯವಿಲ್ಲ. 250ರ ಜಾಗದಲ್ಲಿ 200 ಇಟ್ಟರೆ ಮೂಲಗಳು 10 ಮತ್ತು 20. ಒಂದು ಮೂಲ ಅಗಲವಾದರೆ ಇನ್ನೊಂದು ಉದ್ದ, ಎರಡೂ ಒಂದೇ ಜಾಗದ ಅಳತೆಗಳು. 225 ಇಟ್ಟರೆ ಶೋಧಕ ಸೊನ್ನೆಯಾಗಿ ಎರಡು ಮೂಲಗಳೂ 15 ಆಗುತ್ತವೆ, ಜಾಗ ಚೌಕವಾಗುತ್ತದೆ, ಅದಕ್ಕಿಂತ ಹೆಚ್ಚಿನ ವಿಸ್ತೀರ್ಣ ಆ ಬೇಲಿಗೆ ದಕ್ಕುವುದಿಲ್ಲ. ಮಕ್ಕಳು ಇಂಥಲ್ಲಿ "ಮೂಲಗಳಿಲ್ಲ" ಎಂದಷ್ಟೇ ಬರೆಯುತ್ತಾರೆ. "ವಾಸ್ತವ ಮೂಲಗಳಿಲ್ಲ" ಎಂದು ಬರೆಯುವುದನ್ನು ಈಗಲೇ ರೂಢಿಸಬೇಕು, ಮುಂದೆ ಸಂಕೀರ್ಣ ಸಂಖ್ಯೆಗಳನ್ನು ಕಲಿಯುವಾಗ ಹಿಂದಿನ ಪಾಠವನ್ನು ಅಳಿಸುವ ಪ್ರಮೇಯ ಬರಬಾರದು.

ಗಣಿತ ಚರಿತ್ರೆಯ ಓದುಗ, ಕಲಬುರಗಿ:

ಋಣ ಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರಾಚಾರ್ಯರು ಆಗಲೇ ಹೇಳಿದ್ದಾರೆ. ಅದೇ ಶತಮಾನದಲ್ಲಿ ಬಾಗ್ದಾದಿನ ಗಣಿತಜ್ಞ ಅಲ್-ಖ್ವಾರಿಜ್ಮಿ ಒಂದು ವರ್ಗಕ್ಕೆ ಅದರ ವರ್ಗಮೂಲದ ಹತ್ತರಷ್ಟನ್ನು ಕೂಡಿಸಿದರೆ 39 (ಕ್ಷ² + 10ಕ್ಷ = 39) ಎಂಬ ಲೆಕ್ಕವನ್ನು ಚೌಕದ ಚಿತ್ರ ಬರೆದು ಬಿಡಿಸಿ 3 ಎಂಬ ಒಂದೇ ಉತ್ತರವನ್ನು ಕೊಟ್ಟ. ಇನ್ನೊಂದು ಮೂಲ −13. ತಿಪಟೂರಿನ ವಿದ್ಯಾರ್ಥಿನಿ ಹೇಳಿದಂತೆ, ಅಗಲ 3 ಆದರೆ ಅದಕ್ಕಿಂತ 10 ಹೆಚ್ಚಿರುವ ಉದ್ದ 13!

ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು:

ಸೂತ್ರವನ್ನು ಕಂಪ್ಯೂಟರಿಗೆ ಹಾಕುವವರಿಗಾಗಿ ಒಂದು ಎಚ್ಚರಿಕೆ. ಕ್ಷ² − 1000ಕ್ಷ + 1 = 0 ಎಂಬುದನ್ನು ನಾಲ್ಕು ಅಂಕಿಗಳನ್ನಷ್ಟೇ ಉಳಿಸಿಕೊಳ್ಳುವ ಯಂತ್ರದಲ್ಲಿ ಬಿಡಿಸಿದರೆ ಶೋಧಕದ ವರ್ಗಮೂಲ 999.998 ಎಂಬುದು 1000 ಆಗಿಬಿಡುತ್ತದೆ. ದೊಡ್ಡ ಮೂಲ 1000 ಸರಿಯಾಗಿಯೇ ಬರುತ್ತದೆ, ಚಿಕ್ಕದು (1000 − 1000)/2 ಎಂದು ಸೊನ್ನೆಯಾಗುತ್ತದೆ, ಆದರೆ ಸೊನ್ನೆ ಮೂಲವೇ ಅಲ್ಲ. ಇಲ್ಲಿ ಎರಡು ಮೂಲಗಳ ಗುಣಲಬ್ಧ 1 ಎಂಬ ಸಂಬಂಧವನ್ನು ಬಳಸಿ 1ನ್ನು ದೊಡ್ಡ ಮೂಲದಿಂದ ಭಾಗಿಸಿದರೆ 0.001 ಎಂಬ ಸರಿಯಾದ ಉತ್ತರ ಸಿಗುತ್ತದೆ. ಇಂದಿನ ಕಂಪ್ಯೂಟರುಗಳು ಸಾಮಾನ್ಯವಾಗಿ ಸುಮಾರು 16 ಅಂಕಿಗಳನ್ನು ಉಳಿಸಿಕೊಂಡರೂ 1000ದ ಬದಲು 100 ಕೋಟಿ ಇಟ್ಟರೆ ಅಲ್ಲಿಯೂ ಇದೇ ತಪ್ಪಾಗುತ್ತದೆ.

ವಿದ್ಯಾರ್ಥಿನಿಯ ತಂದೆ, ತಿಪಟೂರು:

ನಿನ್ನೆ ರಾತ್ರಿ ಊಟವಾದ ಮೇಲೆ ಮಗಳು ಕಾಲುದಾರಿಯ ಲೆಕ್ಕವನ್ನು ನಕ್ಷಾಹಾಳೆಯ ಮೇಲೆ ಬರೆದಳು. 5 ಮೀಟರಿಗೆ ಒಂದು ಸೆಂಟಿಮೀಟರ್. ತೋಟ 8 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲ. ಮೊದಲು ನಾಲ್ಕೂ ಅಂಚಿನಿಂದ ಒಂದೊಂದು ಸೆಂಟಿಮೀಟರ್ ಒಳಗೆ ಗೆರೆ ಎಳೆದಳು, ನಡುವೆ 30 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗ ಉಳಿಯಿತು. ಬಳಿಕ ಕೆಂಪು ಪೆನ್ಸಿಲ್ ಹಿಡಿದು, ಬಿಡಬೇಕಾದ 30 ಮೀಟರಿಗೂ ಗೆರೆ ಎಳೆಯುತ್ತೇನೆ ಎಂದಳು. ಎಡ ಅಂಚಿನಿಂದ 6 ಸೆಂಟಿಮೀಟರ್ ಒಳಗೆ ಒಂದು ಗೆರೆ, ಬಲ ಅಂಚಿನಿಂದ 6 ಸೆಂಟಿಮೀಟರ್ ಒಳಗೆ ಇನ್ನೊಂದು. ಅವೆರಡೂ ಒಂದನ್ನೊಂದು ದಾಟಿ ಹೋಗಿ ನಡುವೆ 4 ಸೆಂಟಿಮೀಟರ್ ಉಳಿಯಿತು. ಮೇಲಿನಿಂದ 6 ಸೆಂಟಿಮೀಟರ್ ಇಳಿದ ಗೆರೆ ಕೆಳಗಿನ ಅಂಚಿನ ಮೇಲೆಯೇ ಬಂದು ಕೂತಿತು, ಕೆಳಗಿನಿಂದ ಹೊರಟದ್ದು ಮೇಲಿನ ಅಂಚನ್ನು ಮುಟ್ಟಿತು. ಕೆಂಪು ಗೆರೆಗಳ ನಡುವೆ 20 ಮೀಟರ್ ಉದ್ದ, 30 ಮೀಟರ್ ಅಗಲದ ಒಂದು ಆಯತ ನಿಂತಿದೆ. ಅದರ ವಿಸ್ತೀರ್ಣವೂ 600. "ಇದು ದಾರಿ ಅಲ್ಲ, ಆದರೆ ಇದೂ ಇಲ್ಲೇ ಇದೆಯಲ್ಲಪ್ಪಾ" ಎಂದಳು. ಅವಳು ಮಾಡಿದ್ದು ಸರಿಯೇ ಮೇಡಂ?

ಪ್ರೌಢಶಾಲಾ ಗಣಿತ ಶಿಕ್ಷಕಿ, ಧಾರವಾಡ:

ಸಂಪೂರ್ಣ ಸರಿ. ನಾನು 30ನ್ನು ಬಿಡಲು ಕಾರಣ ಬರೆಸುತ್ತಿದ್ದೆನೇ ಹೊರತು ಆ ಗೆರೆಗಳನ್ನು ಎಳೆಸಿರಲಿಲ್ಲ. −20 ಮತ್ತು −30ರಲ್ಲಿದ್ದ ಋಣ ಚಿಹ್ನೆಯ ಅರ್ಥ ಅವಳ ಹಾಳೆಯ ಮೇಲಿದೆ: ಎಡದಿಂದ ಹೊರಟ ಗೆರೆ ಬಲದಿಂದ ಹೊರಟ ಗೆರೆಯನ್ನು ದಾಟಿ ಆಚೆ ನಿಂತಿದೆ, ಮೇಲಿನದು ಕೆಳಗಿನದನ್ನು ದಾಟಿದೆ. ದಾರಿ ಎಂದರೆ ಗೆರೆಗಳು ಸಂಧಿಸುವುದಕ್ಕೆ ಮೊದಲೇ ನಿಲ್ಲಬೇಕು, ಅಂದರೆ ದ 15ಕ್ಕಿಂತ ಕಡಿಮೆಯಿರಬೇಕು ಎಂಬ ಷರತ್ತು ನಮ್ಮದು, ಅದನ್ನು ನಾವು ಸಮೀಕರಣದೊಳಗೆ ಬರೆದಿರಲಿಲ್ಲ. ಆ ನಕ್ಷಾಹಾಳೆಯ ಒಂದು ಫೋಟೋವನ್ನು ಇಲ್ಲಿ ಹಾಕಲು ಸಾಧ್ಯವೇ ಸರ್? ಸೋಮವಾರ ನನ್ನ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಅದನ್ನೇ ಬರೆಯಬೇಕೆಂದಿದ್ದೇನೆ.